ಕಲ್ಲು ಸರಿಸಿದ ಮೇಲೆ ಜಗಳ ಕಡಿಮೆಯಾಯಿತು

ಮುಂಬೈಯ ಭಾಂಡುಪಿನ ನಮ್ಮ ಮನೆಯ ಹಾಲ್‌ನಲ್ಲಿ ಸೋಫಾ ಇರಬೇಕಾದ ಗೋಡೆಗೆ ನಾಲ್ಕಡಿ ಉದ್ದದ ಮೀನಿನ ಟ್ಯಾಂಕ್ ಇದೆ. 2019ರಿಂದ ಅದರಲ್ಲಿ ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳನ್ನು ಸಾಕುತ್ತಿದ್ದೇನೆ. ಜಗಳಗಂಟ ಮೀನುಗಳೆಂದೇ ಇವಕ್ಕೆ ಹೆಸರು. ನನ್ನ ಮೊದಲ ಪ್ರಯತ್ನದಲ್ಲಿ ಆರು ಮೀನು ತಂದಿದ್ದೆ. ಮೂರೇ ವಾರದಲ್ಲಿ ನಾಲ್ಕು ಸತ್ತವು.

ಆಗ ಇದ್ದದ್ದು ಎರಡಡಿಯ ಟ್ಯಾಂಕ್. ಎಲ್ಲವೂ ಒಟ್ಟಿಗೆ ಇರುತ್ತವೆ ಎಂದು ಅಂಗಡಿಯವರು ಹೇಳಿದ್ದರು. ಬಣ್ಣ ಚೆನ್ನಾಗಿದೆ ಎಂದು ಒಂದೊಂದು ಜಾತಿಯದ್ದು ಒಂದೊಂದು ಆರಿಸಿಕೊಂಡು ಬಂದೆ. ಅದರಲ್ಲಿ ಒಂದು ಔರಾಟಸ್ ಇತ್ತು. ಬೆರಳುದ್ದದ ಮೀನು, ಹಳದಿ ಮೈ ಮೇಲೆ ಕಪ್ಪು ಪಟ್ಟೆ. ಬೆಳೆಯುತ್ತಾ ಅದರ ಮೈ ಕಪ್ಪಾಯಿತು. ಗಂಡು ಎಂದು ಆಮೇಲೆ ತಿಳಿಯಿತು. ಬೆಳಿಗ್ಗೆ ಎದ್ದರೆ ಯಾವುದೋ ಒಂದರ ಬಾಲ ಹರಿದಿರುತ್ತಿತ್ತು. ಉಳಿದವು ಮೇಲಿನ ಮೂಲೆಯಲ್ಲಿ ಹೀಟರಿನ ಹಿಂದೆ ಅಡಗಿರುತ್ತಿದ್ದವು. ನನಗೆ ತುಂಬಾ ಬೇಸರವಾಯಿತು. ಸಾಕಲು ತಂದು ಕೊಲ್ಲಿಸಿದ ಹಾಗಾಯಿತಲ್ಲ ಅನ್ನಿಸಿತು.

ಎರಡು ಮೀನು ಉಳಿದ ಮೇಲೆ ಒಂದು ಭಾನುವಾರ ಇಡೀ ಮಧ್ಯಾಹ್ನ ಟ್ಯಾಂಕಿನ ಮುಂದೆ ಕುಳಿತು ನೋಡಿದೆ. ಔರಾಟಸ್ ಒಂದು ಸಣ್ಣ ಮಡಕೆಯನ್ನು ಮನೆ ಮಾಡಿಕೊಂಡಿತ್ತು. ಇನ್ನೊಂದು ಮೀನು ಹತ್ತಿರ ಬಂದರೆ ಅಟ್ಟಿಸುತ್ತಿತ್ತು. ಆದರೆ ಮಡಕೆಯಿಂದ ಸುಮಾರು ಒಂದು ಮೊಳ ದೂರ ಹೋದ ಮೇಲೆ ತಾನೇ ತಿರುಗಿ ಬರುತ್ತಿತ್ತು. ಅಂದರೆ ಅದಕ್ಕೆ ಬೇಕಿದ್ದದ್ದು ಆ ಒಂದು ಮೊಳ ಜಾಗ. ಟ್ಯಾಂಕ್ ಇದ್ದದ್ದೇ ಎರಡಡಿ. ಓಡಿದ ಮೀನಿಗೆ ಉಳಿದದ್ದು ಬರೀ ಅರ್ಧ ಅಡಿ! ಸೋತು ಓಡಿದರೂ ಕಣ್ಣಿಗೆ ಬೀಳುತ್ತಲೇ ಇತ್ತು, ಹಾಗಾಗಿ ಮತ್ತೆ ಮತ್ತೆ ಪೆಟ್ಟು ತಿನ್ನುತ್ತಿತ್ತು. ಆವತ್ತಿನಿಂದ ನಾನು ಮೀನಿನ ಸ್ವಭಾವಕ್ಕಿಂತ ಜಾಗದ ಬಗ್ಗೆ ಜಾಸ್ತಿ ಯೋಚಿಸಲು ಶುರು ಮಾಡಿದೆ.

ಮಲಾವಿ ಸುಮಾರು 580 ಕಿಲೋಮೀಟರ್ ಉದ್ದದ ಸರೋವರ. ದಡದ ಬಂಡೆಗಳ ಸಂದುಗಳಲ್ಲಿ ಬದುಕುವ ಈ ಮೀನುಗಳನ್ನು ಅಲ್ಲಿನ ಜನ ಎಂಬೂನಾ ಅನ್ನುತ್ತಾರೆ, ಬಂಡೆಮೀನು ಅಂತ ಅರ್ಥ. ಬಂಡೆಯ ಮೇಲಿನ ಪಾಚಿಯೇ ಊಟ, ಸಂದಿಯೇ ಮನೆ. ಅದನ್ನು ಕಾಯದೆ ಬದುಕಿಲ್ಲ. ಅಂದ ಹಾಗೆ ಭಾರತದ್ದೇ ಆದ ಸಿಕ್ಲಿಡ್‌ಗಳು ಮೂರೇ ಮೂರು. ಕೇರಳದ ಕರಿಮೀನು ಅದರಲ್ಲಿ ಒಂದು. ಇನ್ನೊಂದರ ವೈಜ್ಞಾನಿಕ ಹೆಸರು ಎಟ್ರೋಪ್ಲಸ್ ಕೆನರೆನ್ಸಿಸ್. ನಮ್ಮ ಕೆನರಾದ ಹೆಸರೇ ಅದಕ್ಕೆ! ಕರಾವಳಿಯಿಂದ ಮುಂಬೈಗೆ ಬಂದ ನನಗೆ ಇದನ್ನು ಓದಿದಾಗ ಆದ ಖುಷಿ ಅಷ್ಟಿಷ್ಟಲ್ಲ.

ಹೊಸ ಟ್ಯಾಂಕ್ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಸುಮಾರು 250 ಲೀಟರ್. ನೀರು, ಗಾಜು, ಕಲ್ಲು ಎಲ್ಲ ಸೇರಿ 350 ಕಿಲೋ ಹತ್ತಿರ ಬರುತ್ತದೆ. ಫ್ಲ್ಯಾಟಿನಲ್ಲಿ ಇಡುವವರು ಇದನ್ನು ಮರೆಯಬಾರದು. ನಾನು ಇಂಜಿನಿಯರ್ ಒಬ್ಬರನ್ನು ಕೇಳಿ, ಕೆಳಗೆ ಬೀಮ್ ಇರುವ ಗೋಡೆಗೇ ಸ್ಟ್ಯಾಂಡ್ ಇಟ್ಟೆ.

ಸೊಸೈಟಿಯ ಹಳೆ ಕಾಂಪೌಂಡ್ ಗೋಡೆ ಒಡೆದಾಗ ಸಿಕ್ಕ ಕಪ್ಪು ಕಲ್ಲುಗಳನ್ನು ಉಜ್ಜಿ ತೊಳೆದು ತಂದೆ, ಸುಮಾರು 60 ಕಿಲೋ. ಇಲ್ಲಿ ಒಂದು ಮುಖ್ಯ ವಿಷಯ. ಮೊದಲು ಕಲ್ಲು, ಆಮೇಲೆ ಮರಳು. ಈ ಮೀನುಗಳು ಬಾಯಿಯಲ್ಲೇ ಮರಳು ಎತ್ತಿ ಗುಂಡಿ ತೋಡುತ್ತವೆ. ಮರಳಿನ ಮೇಲೆ ಕಲ್ಲು ಇಟ್ಟರೆ ಅಡಿ ಸಡಿಲವಾಗಿ ಉರುಳಿ ಗಾಜು ಒಡೆಯಬಹುದು. ತಳದ ಗಾಜಿನ ಮೇಲೆ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ಕಲ್ಲು ಪೇರಿಸಿದೆ. ಒಂದೇ ಗುಡ್ಡೆಯಾಗಿ ಅಲ್ಲ, ನಾಲ್ಕು ಗುಂಪಾಗಿ. ಒಂದು ಗುಂಪಿನಲ್ಲಿರುವ ಮೀನಿಗೆ ಮುಂದಿನ ಗುಂಪಿನ ಮೀನು ಕಾಣಬಾರದು. ಪ್ರತಿ ಗೂಡಿಗೂ ಎರಡು ಬಾಗಿಲು ಇರಬೇಕು. ಒಂದೇ ಬಾಗಿಲಿದ್ದರೆ ಒಳಗೆ ಹೊಕ್ಕವನ ಕಥೆ ಮುಗಿದ ಹಾಗೆ, ಅಲ್ವಾ?

ನೀರಿನದ್ದು ಬೇರೆ ಚಿಂತೆ. ಮಲಾವಿಯ ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.7ರಿಂದ 8.6ರ ತನಕ, ಸ್ವಲ್ಪ ಗಡಸು ನೀರು. ನಮ್ಮ ನಲ್ಲಿಗೆ ಬರುವುದು ವೈತರಣಾ, ತಾನ್ಸಾ ಕಡೆಯ ಮಳೆನೀರು, ತುಂಬಾ ಮೆದು. ಪಿಎಚ್ ಏರಿಸಲು ಹವಳದ ಚೂರು ಹಾಕಿ ಎಂದು ಕೆಲವರು ಹೇಳಿದರು. ಹವಳ ನಮ್ಮಲ್ಲಿ ಕಾನೂನಿನ ರಕ್ಷಣೆ ಇರುವ ಜೀವಿ, ನನಗೆ ಮನಸ್ಸಾಗಲಿಲ್ಲ. ಕುಂದಾಪುರದಿಂದ ಅಮ್ಮ ಬರುವಾಗ, ಊಟಕ್ಕೆ ತಂದು ಉಳಿದ ಕಪ್ಪೆಚಿಪ್ಪುಗಳನ್ನು ಒಂದು ಚೀಲ ತಂದರು. ಕುದಿಸಿ, ಒಣಗಿಸಿ, ಕುಟ್ಟಿ, ಸ್ವಲ್ಪ ಮರಳಿಗೆ ಬೆರೆಸಿದೆ. ಉಳಿದದ್ದನ್ನು ಬಲೆಚೀಲದಲ್ಲಿ ಕಟ್ಟಿ ಫಿಲ್ಟರಿನೊಳಗೆ ಇಟ್ಟೆ. ತಿಂಗಳಲ್ಲಿ ಪಿಎಚ್ 8ಕ್ಕೆ ಬಂದು ನಿಂತಿತು.

ಮೀನು ಹಾಕುವ ಮೊದಲು ಐದು ವಾರ ಖಾಲಿ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿದೆ, ದಿನಾ ಚಿಟಿಕೆ ಮೀನಿನ ಆಹಾರ ಹಾಕುತ್ತಾ. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಯಬೇಕಲ್ಲ. ಆಮೇಲೆ ಠಾಣೆಯಲ್ಲಿ ಮನೆಯಲ್ಲೇ ಮರಿ ಮಾಡಿಸುವ ಒಬ್ಬರ ಹತ್ತಿರ 19 ಮರಿ ತಂದೆ. ಹಳದಿ ಲ್ಯಾಬ್ ಎಂಟು, ರಸ್ಟಿ ಆರು, ಏಸಿ ಐದು. ಮೂರೂ ಎಂಬೂನಾಗಳಲ್ಲಿ ಸಾಧುವಾದವು, ಬಣ್ಣ ಆಕಾರ ಬೇರೆ ಬೇರೆ. ಒಂದೇ ಬಣ್ಣದವು ಎದುರಾದರೆ ಜಗಳ ಜಾಸ್ತಿ. ಏಸಿಗಳಂತೂ ಹೆಚ್ಚು ಹೊತ್ತು ನಡುನೀರಲ್ಲಿ, ಮೇಲೆ ಸುತ್ತುತ್ತವೆ. ಎಲ್ಲವನ್ನೂ ಒಂದೇ ದಿನ ಬಿಟ್ಟೆ, ಹಾಗಾಗಿ ಯಾರೂ ಹಳಬರಲ್ಲ, ಯಾರೂ ಹೊಸಬರಲ್ಲ.

ಇಷ್ಟೊಂದು ಮೀನಾ ಎಂದು ನೀವು ಕೇಳಬಹುದು. ಬೇಕೆಂದೇ ಹಾಗೆ ಮಾಡಿದ್ದು. ನಾಲ್ಕೈದೇ ಇದ್ದರೆ ಬಲಿಷ್ಠ ಮೀನು ಒಂದನ್ನೇ ಹಿಡಿದು ಕಾಡುತ್ತದೆ. ಹತ್ತೊಂಬತ್ತಿದ್ದರೆ ಅದರ ಸಿಟ್ಟು ಹಂಚಿಹೋಗುತ್ತದೆ. ಆದರೆ ಗಲೀಜೂ ಅಷ್ಟೇ ಜಾಸ್ತಿ. ಟ್ಯಾಂಕಿಗೆ ತಕ್ಕದ್ದಕ್ಕಿಂತ ದೊಡ್ಡ ಫಿಲ್ಟರ್ ಬೇಕು. ಪ್ರತಿ ಭಾನುವಾರ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರು ಬದಲಿಸುತ್ತೇನೆ, ಕ್ಲೋರಿನ್ ತೆಗೆಯುವ ಔಷಧಿ ಹಾಕಿ. ಇದನ್ನು ತಪ್ಪಿಸುವವರು ಇಷ್ಟು ಮೀನು ಇಡಲೇಬಾರದು. ಕರೆಂಟ್ ಹೋದರೆ ಕಷ್ಟ ಇನ್ನೂ ಬೇಗ ಬರುತ್ತದೆ. 2020ರ ಅಕ್ಟೋಬರ್ 12ರಂದು ಮುಂಬೈಯಲ್ಲೆಲ್ಲಾ ಕರೆಂಟ್ ಹೋದಾಗ ಬ್ಯಾಟರಿಯ ಏರ್ ಪಂಪ್ ನನ್ನ ಮೀನುಗಳನ್ನು ಉಳಿಸಿತು.

ಊಟ ಸ್ಪಿರುಲಿನಾ ಎಂಬ ಪಾಚಿ ಇರುವ ಫ್ಲೇಕ್ಸ್, ಬೇಯಿಸಿದ ಬಟಾಣಿ, ಬಿಸಿನೀರಲ್ಲಿ ಅದ್ದಿದ ಪಾಲಕ್. ಪಾಚಿ ತಿನ್ನುವ ಹೊಟ್ಟೆಗೆ ಮಾಂಸದ ಆಹಾರ ಜಾಸ್ತಿಯಾದರೆ ಹೊಟ್ಟೆ ಊದಿಕೊಂಡು ಸಾಯುತ್ತವೆ. ಅಮ್ಮನ ಹಾಗೆ ಇವಕ್ಕೂ ಶನಿವಾರ ಉಪವಾಸ.

ಒಂದು ವರ್ಷವಾದಾಗ ರಸ್ಟಿಯಲ್ಲಿ ಒಂದು ಗಂಡು ಜೋರಾಯಿತು. "ರೀ, ಅದು ಮತ್ತೆ ಆ ಹಳದಿಯನ್ನ ಮೂಲೆಗೆ ಒತ್ತಿದೆ ನೋಡಿ" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೂಗುತ್ತಿದ್ದಳು. ಹಿಡಿದು ಹಳೇ ಎರಡಡಿಯ ಟ್ಯಾಂಕಿಗೆ ಹಾಕಿದೆ. ಹತ್ತು ದಿನ ಅಲ್ಲಿಟ್ಟೆ. ಅಷ್ಟರಲ್ಲಿ ಇಲ್ಲಿ ಕಲ್ಲಿನ ಎರಡು ಗುಂಪು ಬಿಚ್ಚಿ ಬೇರೆ ರೀತಿ ಪೇರಿಸಿದೆ. ರಾತ್ರಿ ಲೈಟ್ ಆರಿಸಿ ಅದನ್ನು ವಾಪಸ್ ಬಿಟ್ಟೆ. ಬೆಳಿಗ್ಗೆ ಅದಕ್ಕೆ ತನ್ನ ಜಾಗ ಸಿಗಲಿಲ್ಲ. ಹೊಸಬನ ಹಾಗೆ ಅಂಜುತ್ತಾ ಸುತ್ತಿ, ಕೊನೆಗೆ ಎಡಮೂಲೆಯ ಒಂದು ಸಣ್ಣ ಗೂಡು ಹಿಡಿಯಿತು. ಅಟ್ಟಿಸುವುದು ಪೂರ್ತಿ ನಿಂತಿಲ್ಲ, ನಿಲ್ಲುವುದೂ ಇಲ್ಲ. ಆದರೆ ಆಮೇಲೆ ಬಾಲ ಹರಿದದ್ದನ್ನು ನಾನು ಕಂಡಿಲ್ಲ. ಹೆಚ್ಚಾಗಿದ್ದ ಗಂಡುಗಳನ್ನು ಮಾತ್ರ ಠಾಣೆಯವರಿಗೇ ಹಿಂದೆ ಕೊಟ್ಟೆ, ಒಂದು ಗಂಡಿಗೆ ಮೂರು ಹೆಣ್ಣಾದರೂ ಇರಲಿ ಎಂದು.

ಈಗ ಒಂದು ಹಳದಿ ಹೆಣ್ಣಿನ ಗಲ್ಲ ಉಬ್ಬಿದೆ. ಬಾಯಲ್ಲಿ ಮೊಟ್ಟೆ ಇಟ್ಟುಕೊಂಡಿದೆ. ಇಂದಿಗೆ ಹದಿನಾಲ್ಕು ದಿನ, ಒಂದು ತುತ್ತೂ ನುಂಗಿಲ್ಲ. ಮಧ್ಯದ ಗುಂಪಿನ ಕೆಳಗಿನ ಗೂಡಿನಲ್ಲಿ ನಿಂತಿದೆ. ರಸ್ಟಿ ಗಂಡು ಆ ದಾರಿಯಲ್ಲಿ ಹೋದರೂ ಅದಕ್ಕೆ ಇದು ಕಾಣುವುದಿಲ್ಲ. ಇನ್ನೊಂದು ವಾರದಲ್ಲಿ ಮರಿ ಬಿಡಬಹುದು. ಹಳೇ ಟ್ಯಾಂಕನ್ನು ತೊಳೆದು, ನೀರು ತುಂಬಿಸಿ, ನಾಲ್ಕು ಸಣ್ಣ ಕಲ್ಲು ಇಟ್ಟಿದ್ದೇನೆ.