ಡಿಎಂಎಕ್ಸ್ ಇಲ್ಲದೆ ‘ಬ್ಲೂ ಮಂಡೇ’ ಕಿಕ್ ಕೂರಿಸಿದ್ದು: ನನ್ನ ಅನುಭವ

ಬ್ರಿಟಿಷ್ ಬ್ಯಾಂಡ್ ನ್ಯೂ ಆರ್ಡರ್‌ನ ‘ಬ್ಲೂ ಮಂಡೇ’ (1983) ಹಾಡಿನ ಕಿಕ್ (ದೊಡ್ಡ ಡ್ರಮ್ಮಿನ ಹೊಡೆತ) ಬೇಕಾದರೆ ಅಸಲಿ ಓಬರ್‌ಹೈಮ್ ಡಿಎಂಎಕ್ಸ್ ಡ್ರಮ್ ಮಷೀನೇ ಬೇಕು ಅಂತ ಬಳಗದಲ್ಲಿ ಎಲ್ಲರೂ ಹೇಳಿದ್ದರು. ಹಳೆಯ ಡಿಎಂಎಕ್ಸ್ ಅಂದರೆ ಲಕ್ಷಗಳ ಮಾತು, ಮೇಲೆ ಕಸ್ಟಮ್ಸ್. ನಾನು ಲ್ಯಾಪ್‌ಟಾಪಿನಲ್ಲಿ ಆ ಹಾಡನ್ನು ಮತ್ತೆ ಕಟ್ಟಿದ್ದು, ಲ್ಯಾಪ್‌ಟಾಪ್ ಬಿಟ್ಟು 30,000 ರೂಪಾಯಿಯ ಆಸುಪಾಸಿನಲ್ಲಿ ಮುಗಿಯಿತು. ಅಸಲಿಯನ್ನೂ ನನ್ನದನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದಾಗ ಐವರಲ್ಲಿ ಮೂವರು ನನ್ನದನ್ನೇ ಅಸಲಿ ಅಂದರು.

ಮೊದಲ ನಾಲ್ಕು ತಿಂಗಳು ಇಕ್ಯೂ (ಮಂದ್ರ, ತಾರ ಸದ್ದುಗಳನ್ನು ಹೆಚ್ಚು ಕಡಿಮೆ ಮಾಡುವ ಸಾಧನ) ತಿರುವಿದ್ದೇ ತಪ್ಪು. ಪ್ಯಾಟರ್ನ್ ಎಲ್ಲರಿಗೂ ಗೊತ್ತು: ನಾಲ್ಕು ಬೀಟಿಗೆ ನಾಲ್ಕು ಕಿಕ್, ಆಮೇಲೆ ಎಂಟು ಹದಿನಾರನೇ ನೋಟ್ (ಕಾಲು ಬೀಟಿಗೊಂದು), ಮತ್ತೆ ಎರಡು ಬೀಟಿಗೆ ಒಂದೊಂದು. ಟೆಂಪೊ ನಿಮಿಷಕ್ಕೆ 130 ಬೀಟ್. ಆ ವೇಗದಲ್ಲಿ ಒಂದು ಹದಿನಾರನೇ ನೋಟ್ ಅಂದರೆ ಸುಮಾರು 115 ಮಿಲಿಸೆಕೆಂಡ್. ನನ್ನ ಕಿಕ್ ಸ್ಯಾಂಪಲ್ಲಿನ ಉದ್ದ 200ರ ಹತ್ತಿರ. ಸ್ಯಾಂಪ್ಲರ್ (ರೆಕಾರ್ಡ್ ಮಾಡಿದ ಸದ್ದು ನುಡಿಸುವ ಸಾಧನ) ಪಾಲಿಫೋನಿಕ್, ಅಂದರೆ ಹಲವು ಸದ್ದು ಒಟ್ಟಿಗೆ ನುಡಿಸುವಂಥದ್ದು, ಆಗಿದ್ದರೆ ಹಿಂದಿನ ಹೊಡೆತದ ಬಾಲದ ಮೇಲೆ ಮುಂದಿನದು ಬೀಳುತ್ತದೆ, ಎಂಟನೆಯದಕ್ಕೆ ಬರುವಷ್ಟರಲ್ಲಿ ಕೆಳಗೆಲ್ಲ ಕೆಸರು. ಡಿಎಂಎಕ್ಸ್‌ನಲ್ಲಿ ಹೊಸ ಹೊಡೆತ ಬಂದ ಕೂಡಲೇ ಹಳೆಯದು ಕತ್ತರಿಸಿ ಹೋಗುತ್ತದೆ. ಹಾಗೆ ಆಗಲು ಸ್ಯಾಂಪ್ಲರ್‌ನ ವಾಯ್ಸ್ (ಒಟ್ಟಿಗೆ ನುಡಿಯುವ ಸದ್ದು) ಸಂಖ್ಯೆ 1ಕ್ಕೆ ಇಳಿಸಿ, ಫೇಡ್ ಸೊನ್ನೆ ಮಾಡಿ. ಆ ಮಷೀನ್‌ಗನ್ ಗುಣದ ಅರ್ಧ ಅಲ್ಲೇ ಬಂತು. ವೆಲಾಸಿಟಿಯನ್ನೂ (ಹೊಡೆತದ ಜೋರು) ಎರಡು ಮೂರು ಮಟ್ಟಕ್ಕೆ ಕಟ್ಟಿಹಾಕಿ, 127 ಮಟ್ಟ ಬೇಡ.

ಉಳಿದರ್ಧ ಬಿಟ್‌ನದು. ಸದ್ದಿನ ಮಟ್ಟಗಳನ್ನು ಕಡಿಮೆ ಮಾಡುವ ಬಿಟ್‌ಕ್ರಷರ್ ಹಾಕಿ 8 ಬಿಟ್ ಮಾಡಿದರೆ ಬಾಲದಲ್ಲಿ ಮರಳು ಉಜ್ಜಿದ ಸದ್ದು. ಡಿಎಂಎಕ್ಸ್‌ನಲ್ಲಿರುವುದು ಕಂಪ್ಯಾಂಡ್ ಮಾಡಿದ 8 ಬಿಟ್, ಸಣ್ಣ ಸದ್ದಿಗೆ ಹೆಚ್ಚು ಮೆಟ್ಟಿಲು ಸಿಗುವ ಬಗೆ. ಆಡಾಸಿಟಿ ಎಂಬ ಉಚಿತ ಆಡಿಯೋ ಸಾಫ್ಟ್‌ವೇರ್‌ನಲ್ಲಿ ಸ್ಯಾಂಪಲ್ ರೇಟ್ 24 ಕಿಲೋಹರ್ಟ್ಸ್ ಸುತ್ತ ಇಟ್ಟು, ಇದೇ ಬಗೆಯ ಕಂಪ್ಯಾಂಡಿಂಗ್ ಇರುವ ಯು-ಲಾ ವೇವ್ ಆಗಿ ಎಕ್ಸ್‌ಪೋರ್ಟ್ ಮಾಡಿ ವಾಪಸ್ ತಂದೆ. ಖರ್ಚು ಸೊನ್ನೆ. ಪಿಚ್ ಬದಲಿಸುವಾಗ ಟೈಮ್‌ಸ್ಟ್ರೆಚ್ ಆಫ್ ಇರಲಿ. ಪಿಚ್ ಇಳಿದಂತೆ ಉದ್ದವೂ ಹಿಗ್ಗಬೇಕು. ಎಷ್ಟು ಇಳಿಸಿದೆ, ಯು-ಲಾಗೆ ಮೊದಲೋ ಆಮೇಲೋ ಅನ್ನುವುದು ಮಾತ್ರ ನನ್ನಲ್ಲೇ ಇರಲಿ.

ಇದಕ್ಕೂ ಮುಂಚೆ 4,000 ರೂಪಾಯಿಯ ಒಂದು ಸ್ಯಾಂಪಲ್ ಪ್ಯಾಕ್ ದಂಡವಾಯಿತು. ಪ್ರತಿ ಕಿಕ್‌ಗೂ ರಿವರ್ಬ್ ಬೆಸೆದು ಕೊಟ್ಟಿದ್ದರು. ಕತ್ತರಿಸಿದರೆ ಕ್ಲಿಕ್, ಬಿಟ್ಟರೆ ಗುಹೆ. ಕೊಳ್ಳುವ ಮುಂಚೆ ಒಣ ಸ್ಯಾಂಪಲ್ಲೇ ಅಂತ ಖಚಿತ ಮಾಡಿಕೊಳ್ಳಿ.

ಬೇಸ್ ಲೈನ್ ಅಸಲಿನಲ್ಲಿ ಮೂಗ್ ಸೋರ್ಸ್ ಎಂಬ ಸಿಂತಸೈಜರ್‌ನದು. ನಾನು 18,000ಕ್ಕೆ ಸಿಕ್ಕ ಮೊನೊ ಸಿಂತ್ (ಒಮ್ಮೆಗೆ ಒಂದೇ ಸ್ವರ ನುಡಿಸುವ ಸಿಂತಸೈಜರ್) ಹಚ್ಚಿದೆ. ಸ್ವರಗಳು ಎಫ್, ಸಿ, ಡಿ. ಆಮೇಲೆ ಜಿ, ಸಿ, ಡಿ. ಮೂಲ ಸ್ವರ, ಅದರ ಮೇಲಿನ ಆಕ್ಟೇವ್. ಡಿಕೇ (ಸ್ವರ ಇಳಿಯುವ ಹೊತ್ತು) 120 ಮಿಲಿಸೆಕೆಂಡ್‌ನಷ್ಟು, ಸಸ್ಟೇನ್ (ಆಮೇಲೆ ನಿಲ್ಲುವ ಮಟ್ಟ) ಸೊನ್ನೆ. ಲ್ಯಾಪ್‌ಟಾಪಿನಿಂದ ಸಿಂತ್‌ಗೆ ನೋಟ್ ಕಳಿಸುವ ಯುಎಸ್‌ಬಿ ಮಿಡಿಯಲ್ಲಿ ನನಗೆ 11 ಮಿಲಿಸೆಕೆಂಡ್ ತಡ ಬರುತ್ತಿತ್ತು. ಆಡಿಯೋ ಆಗಿ ರೆಕಾರ್ಡ್ ಮಾಡಿ ಅಷ್ಟೇ ಹಿಂದಕ್ಕೆ ಎಳೆಯಬೇಕು. ಸೈಡ್‌ಚೈನ್ (ಕಿಕ್ ಬಿದ್ದಾಗಲೆಲ್ಲ ಬೇಸ್ ತಗ್ಗಿಸುವ ತಂತ್ರ) ಹಾಕಲೇಬೇಡಿ, ಹಾಕಿದರೆ ಇವತ್ತಿನ ಕ್ಲಬ್ ಹಾಡಾಗುತ್ತದೆ. 60 ಹರ್ಟ್ಸ್ ಹತ್ತಿರ ಬೇಸ್‌ನಿಂದ 3 ಡಿಬಿ ತೆಗೆದರೆ ಕಿಕ್‌ಗೆ ಜಾಗ ಸಿಗುತ್ತದೆ.

ಎಲ್ಲ ಕೂತ ಮೇಲೂ ಸಿಂತ್ ರಾಗ ಮಾತ್ರ ಸತ್ತಂತಿತ್ತು. ನೋಟ್‌ಗಳನ್ನು ಅಲ್ಲಲ್ಲಿ ಅಲುಗಿಸುವ ಹ್ಯೂಮನೈಸ್ ಒತ್ತಿದೆ, ತಾಳವನ್ನು ತೂಗಿಸುವ ಸ್ವಿಂಗ್ ಹಾಕಿದೆ, ಎರಡೂ ಕೆಡಿಸಿದವು. 1982ರಲ್ಲಿ, ಮಿಡಿ ಬಳಕೆಗೆ ಬರುವ ಮುಂಚೆ, ಬ್ಯಾಂಡಿನವರು ಇದನ್ನು ಪವರ್‌ಟ್ರಾನ್ 1024 ಎಂಬ ಕಿಟ್ ಸೀಕ್ವೆನ್ಸರ್‌ನಲ್ಲಿ (ಬಿಡಿಭಾಗ ಜೋಡಿಸಿ ಕಟ್ಟುವ, ಸ್ವರಗಳ ಸಾಲನ್ನು ನುಡಿಸುವ ಯಂತ್ರ) ಮೆಟ್ಟಿಲು ಮೆಟ್ಟಿಲಾಗಿ ತುಂಬಿದ್ದರು. ಬ್ಯಾಂಡಿನ ಗಿಲಿಯನ್ ಗಿಲ್ಬರ್ಟ್ ಕೈತಪ್ಪಿ ಒಂದು ನೋಟ್ ಬಿಟ್ಟರು, ರಾಗ ತಾಳದಿಂದ ತುಸು ಸರಿಯಿತು, ಹಾಗೇ ಉಳಿಸಿಕೊಂಡರು. ಅಂದರೆ ಬೇಕಾದದ್ದು ಯದ್ವಾತದ್ವಾ ಅಲುಗಾಟವಲ್ಲ, ಗ್ರಿಡ್ ಮೇಲೇ ಕೂತ ಒಂದು ನಿಖರ ಜಾರುವಿಕೆ. ನಾನು ಒಂದು ಮೆಟ್ಟಿಲು ಅಳಿಸಿ ಮುಂದಿನದನ್ನೆಲ್ಲ ಅದರ ಜಾಗಕ್ಕೆ ಎಳೆದೆ. ತಕ್ಷಣ ಜೀವ ಬಂತು. ಯಾವ ಮೆಟ್ಟಿಲು ಅಂತ ಕಿವಿಯಿಂದಲೇ ಹುಡುಕಿ, ಸಿಕ್ಕೇ ಸಿಗುತ್ತದೆ.

ಗುಂಪುಗಾಯನದಂತೆ ಕೇಳುವ ಉದ್ದ ಸ್ವರಗಳು (ಪ್ಯಾಡ್) ಅಸಲಿನಲ್ಲಿ ಇಮ್ಯುಲೇಟರ್ ಸ್ಯಾಂಪ್ಲರ್‌ನಿಂದ ಬಂದವು. ಜರ್ಮನ್ ಬ್ಯಾಂಡ್ ಕ್ರಾಫ್ಟ್‌ವರ್ಕ್‌ನ ‘ಯುರೇನಿಯಂ’ನಿಂದ ತೆಗೆದದ್ದು. ಅದನ್ನು ಎತ್ತಲು ಮನಸ್ಸಿರಲಿಲ್ಲ. ಶ್ರುತಿಪೆಟ್ಟಿಗೆಯ ಎರಡು ಸೆಕೆಂಡ್ ರೆಕಾರ್ಡ್ ಮಾಡಿ, ಅದೇ ಯು-ಲಾ ದಾರಿಯಲ್ಲಿ ಕಳಿಸಿ, ಕೆಳಗಿನ ಸ್ವರಗಳಲ್ಲಿ ನುಡಿಸಿದೆ. ರೀಡಿನ ಅಂಚು ಕರಗಿ ಗಂಟಲಿನ ‘ಆ’ಕಾರದ ಹತ್ತಿರ ಬಂತು, ನಾನು ಎಣಿಸಿದ್ದಕ್ಕಿಂತ ಚೆನ್ನಾಗಿ. ಮಧ್ಯಮ ಶ್ರುತಿಗಿಂತ ಪಂಚಮ ಶ್ರುತಿ ಮೇಲು. ಕಿಕ್ ಬದಲು ಡೊಳ್ಳು ಕೂರಿಸುವ ಪ್ರಯತ್ನ ಮಾತ್ರ ಕೈಗೂಡಲಿಲ್ಲ. ಅದರ ಹೊಡೆತ ಅರಳುವುದಕ್ಕೇ 115 ಮಿಲಿಸೆಕೆಂಡ್ ಸಾಲದು.

ಬ್ಯಾಂಡಿನ ಬೇಸ್ ವಾದಕ ಪೀಟರ್ ಹುಕ್ ಮೇಲಿನ ತಂತಿಗಳಲ್ಲಿ ನುಡಿಸುವ ಬೇಸ್ ಗಿಟಾರ್‌ಗೆ ಕೋರಸ್ ಪೆಡಲ್ (ಒಂದೇ ಸ್ವರ ಹಲವಾಗಿ ಕೇಳುವಂತೆ ಮಾಡುವ ಸಾಧನ) ಇದ್ದರೆ ಸಾಕು, ಆಂಪ್ ಬೇಡ. ಹೊಸ ತಂತಿ ಹಾಕಿ, ಪಿಕ್‌ನಲ್ಲಿ ಬ್ರಿಡ್ಜ್ ಹತ್ತಿರ ನುಡಿಸಿ.