ಫುಟ್‌ಬಾಲ್ ರೆಫರಿ ಆಗಬೇಕೆ? ಮೊದಲು ನಿಯಮ ಓದಿ, ಆಮೇಲೆ ಬಾವುಟ ಹಿಡಿಯಿರಿ

2023ರ ಮಾರ್ಚ್ 3. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪ್ಲೇಆಫ್ ಪಂದ್ಯ. ಹೆಚ್ಚುವರಿ ಅವಧಿಯಲ್ಲಿ ಬೆಂಗಳೂರು ಎಫ್‌ಸಿಗೆ ಫ್ರೀಕಿಕ್ ಸಿಕ್ಕಿತು. ಕೇರಳ ಬ್ಲಾಸ್ಟರ್ಸ್ ಆಟಗಾರರು ಸಜ್ಜಾಗುವ ಮೊದಲೇ ಸುನಿಲ್ ಛೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲು ಕೊಟ್ಟರು. ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರನಡೆಯಿತು. ಆಮೇಲೆ ಆ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು. ಅಷ್ಟೆಲ್ಲ ಗಲಾಟೆಗೆ ಕಾರಣವಾದದ್ದು ಫ್ರೀಕಿಕ್ ಕುರಿತ 13ನೇ ನಿಯಮ. ವಿಸಿಲ್‌ಗೆ ಕಾಯಿರಿ ಎಂದು ರೆಫರಿ ಸೂಚಿಸಿಲ್ಲವಾದರೆ, ಎದುರಾಳಿಗಳು 9.15 ಮೀಟರ್ ಹಿಂದೆ ಸರಿಯುವ ತನಕ ಕಾಯದೆ ಚೆಂಡು ಒದೆಯಬಹುದು. ಕಾಯಿಸುವುದೋ ಬೇಡವೋ ಎಂಬುದನ್ನು ರೆಫರಿ ಆ ಕ್ಷಣದಲ್ಲೇ ಸ್ಪಷ್ಟವಾಗಿ ತಿಳಿಸಬೇಕು.

ಆದ್ದರಿಂದ ಈ ವೃತ್ತಿಯ ಮೊದಲ ಹೆಜ್ಜೆ ಓದು. ಫುಟ್‌ಬಾಲ್‌ಗೆ ಇರುವುದು 17 ನಿಯಮಗಳು. ಅವುಗಳನ್ನು ರೂಪಿಸುವ ಐಎಫ್‌ಎಬಿ ಎಂಬ ಸಂಸ್ಥೆ 1886ರಿಂದಲೂ ಇದೆ. ಅದರ ಜಾಲತಾಣದಲ್ಲಿ ಪೂರ್ತಿ ಪುಸ್ತಕ ಉಚಿತವಾಗಿ ಸಿಗುತ್ತದೆ. ಹಳೆಯ ಪ್ರತಿ ನೆಚ್ಚಿಕೊಳ್ಳಬೇಡಿ, ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಗೋಲ್‌ಕೀಪರ್ 8 ಸೆಕೆಂಡಿಗಿಂತ ಹೆಚ್ಚು ಹೊತ್ತು ಚೆಂಡು ಹಿಡಿದಿಟ್ಟುಕೊಂಡರೆ ಎದುರಾಳಿಗೆ ಕಾರ್ನರ್ ಎಂಬ ನಿಯಮ ಬಂದದ್ದು 2025ರಲ್ಲಿ. ರೆಫರಿಯ ಅಧಿಕಾರದ 5ನೇ ನಿಯಮ, ಆಫ್‌ಸೈಡ್‌ನ (ಎದುರಾಳಿಗಳಲ್ಲಿ ಕೊನೆಯಿಂದ ಎರಡನೆಯವನನ್ನೂ ಚೆಂಡನ್ನೂ ದಾಟಿ ಗೋಲಿನ ಹತ್ತಿರ ನಿಂತು ಆಟದಲ್ಲಿ ಭಾಗಿಯಾಗುವ ತಪ್ಪಿನ) 11, ಫೌಲ್ ಮತ್ತು ಕಾರ್ಡುಗಳ 12, ಈ ಮೂರನ್ನು ಮೊದಲು ಅರಗಿಸಿಕೊಳ್ಳಿ. ಟಿವಿಯಲ್ಲಿ ಪಂದ್ಯ ಬಂದಾಗ ಕಾಮೆಂಟರಿಯ ಸದ್ದು ಪೂರ್ತಿ ತಗ್ಗಿಸಿ. ಪ್ರತಿ ಘಟನೆಗೂ ತಪ್ಪೇನು, ಕಾರ್ಡು ಬೇಕೆ, ಆಟ ಮತ್ತೆ ಶುರುವಾಗುವುದು ಹೇಗೆ ಎಂದು ಬಾಯಿಬಿಟ್ಟು ಹೇಳಿ. ಮೂರನೆಯ ಪ್ರಶ್ನೆಯಲ್ಲೇ ಹೆಚ್ಚಿನವರು ಎಡವುವುದು.

ಮುಂದಿನದು ಪರೀಕ್ಷೆ. ಬೆಂಗಳೂರಿನವರು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿರುವ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯಲ್ಲಿ, ಉಳಿದವರು ತಮ್ಮ ಜಿಲ್ಲಾ ಸಂಸ್ಥೆಯಲ್ಲಿ ರೆಫರಿ ಕೋರ್ಸ್ ಯಾವಾಗ ಎಂದು ವಿಚಾರಿಸಬೇಕು. ವಯಸ್ಸು, ಶುಲ್ಕದ ವಿವರ ಅಲ್ಲೇ ಸಿಗುತ್ತದೆ. ನೀವು ದೊಡ್ಡ ಆಟಗಾರರಾಗಿರಬೇಕಿಲ್ಲ.

ಪಾಸಾದ ಕೂಡಲೇ ನಡು ಮೈದಾನದಲ್ಲಿ ವಿಸಿಲ್ ಊದುವ ಆಸೆ ಸಹಜ. ಆದರೆ ಹೊಸಬರಿಗೆ ಸಾಮಾನ್ಯವಾಗಿ ಮೊದಲು ಸಿಗುವುದು ಬಾವುಟ, ಅಂದರೆ ಅಸಿಸ್ಟೆಂಟ್ ರೆಫರಿಯ ಕೆಲಸ. ಇದನ್ನು ಹಗುರವಾಗಿ ಕಾಣಬೇಡಿ. ಗೋಲಿನ ಕಡೆಯಿಂದ ಎಣಿಸಿದರೆ ಎರಡನೆಯವನಾಗಿ ನಿಲ್ಲುವ ಡಿಫೆಂಡರ್ ಮತ್ತು ಚೆಂಡು, ಇವೆರಡರಲ್ಲಿ ಯಾವುದು ಗೋಲು ಗೆರೆಗೆ ಹತ್ತಿರವೋ ಅದಕ್ಕೆ ಸರಿಸಮವಾಗಿ ನೀವಿರಬೇಕು. ಒಂದೆರಡು ಹೆಜ್ಜೆ ಹಿಂದೆ ಬಿದ್ದರೂ ಓರೆಯಾಗಿ ನೋಡುತ್ತೀರಿ. ಓರೆ ನೋಟಕ್ಕೆ ಆಫ್‌ಸೈಡ್ ಅಲ್ಲದ್ದೂ ಆಫ್‌ಸೈಡ್ ಆಗಿ ಕಾಣುತ್ತದೆ. ನಡು ಮೈದಾನದ ರೆಫರಿ ಸುಮಾರಾಗಿ ಒಂದು ಮೂಲೆಯಿಂದ ಎದುರು ಮೂಲೆಯತ್ತ ಕರ್ಣದ ಗೆರೆಯಲ್ಲಿ ಓಡುತ್ತಾರೆ, ಆಟ ಯಾವಾಗಲೂ ಅವರಿಗೂ ಆ ಬದಿಯ ಅಸಿಸ್ಟೆಂಟ್‌ಗೂ ನಡುವೆ ಇರಲಿ ಎಂದು. ಒಬ್ಬರಿಗೆ ಆಟಗಾರನ ಬೆನ್ನು ಅಡ್ಡ ಬಂದರೆ ಇನ್ನೊಬ್ಬರಿಗೆ ಕಾಣುತ್ತದೆ. ತಪ್ಪು ತೀರ್ಪುಗಳಲ್ಲಿ ಬಹಳಷ್ಟು ಹುಟ್ಟುವುದು ಅಜ್ಞಾನದಿಂದಲ್ಲ, ತಪ್ಪು ಜಾಗದಲ್ಲಿ ನಿಂತದ್ದರಿಂದ ಎಂಬುದು ನನ್ನ ಖಚಿತ ಅಭಿಪ್ರಾಯ.

ವಿಸಿಲ್ ಕೈಗೆ ಬಂದ ಮೇಲೆ ಊದದಿರುವುದನ್ನೂ ಕಲಿಯಬೇಕು. ಫೌಲ್ ಆದರೂ ಚೆಂಡು ಪೆಟ್ಟು ತಿಂದ ತಂಡದ ಬಳಿಯೇ ಇದ್ದು ಆಟ ಮುಂದುವರಿಯುವುದು ಲಾಭವಾದರೆ ತಡೆಯಬೇಡಿ. ಕೆಲವೇ ಸೆಕೆಂಡುಗಳಲ್ಲಿ ಆ ಲಾಭ ಸಿಗದಿದ್ದರೆ ಹಿಂದಿನ ಫೌಲಿಗೇ ಫ್ರೀಕಿಕ್ ಕೊಡಲು ಅವಕಾಶವಿದೆ. ತೀರ್ಪು ತಪ್ಪೆಂದು ಹೊಳೆದರೆ ಆಟ ಮತ್ತೆ ಶುರುವಾಗುವ ಮೊದಲೇ ಬದಲಿಸಿ, ನಂತರ ಸಾಧ್ಯವಿಲ್ಲ. ಪಂದ್ಯ ಮುಗಿದ ದಿನವೇ ವರದಿ ಬರೆದುಬಿಡಿ. ಯಾವ ನಿಮಿಷ, ಯಾರಿಗೆ ಕಾರ್ಡು, ಏಕೆ ಎಂಬುದು ಅದರಲ್ಲಿರಬೇಕು. ಆಟಗಾರನ ಮೇಲಿನ ಶಿಸ್ತುಕ್ರಮಕ್ಕೆ ಆ ಕಾಗದವೇ ಆಧಾರ.

ಇನ್ನು ಓಟ. ಅಂತರರಾಷ್ಟ್ರೀಯ ಪುರುಷ ರೆಫರಿಗಳಿಗೆ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ನಡೆಸುವ ಪರೀಕ್ಷೆಯಲ್ಲಿ 40 ಮೀಟರ್ ದೂರವನ್ನು ತಲಾ 6 ಸೆಕೆಂಡಿನೊಳಗೆ ಆರು ಬಾರಿ ಓಡಬೇಕು. ಆಮೇಲೆ 75 ಮೀಟರ್ ಓಟ 15 ಸೆಕೆಂಡಿನಲ್ಲಿ, 25 ಮೀಟರ್ ನಡಿಗೆ 18 ಸೆಕೆಂಡಿನಲ್ಲಿ, ಹೀಗೆ 40 ಸಲ; ಒಟ್ಟು 4,000 ಮೀಟರ್. ಮೊದಲ ದಿನವೇ ಇಷ್ಟು ಬೇಕಿಲ್ಲ, ಆದರೆ ಅಭ್ಯಾಸ ಇದೇ ಮಾದರಿಯಲ್ಲಿರಲಿ. ಒಂದೇ ವೇಗದ ಜಾಗಿಂಗ್ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ.

ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೇಲೇರಿದವರ ಹೆಸರನ್ನು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಫಿಫಾಕ್ಕೆ ಕಳಿಸುತ್ತದೆ. ರೆಫರಿಗೆ ಕನಿಷ್ಠ 25, ಅಸಿಸ್ಟೆಂಟ್‌ಗೆ 23 ವರ್ಷ ಆಗಿರಬೇಕು. ಫಿಫಾ ಬ್ಯಾಡ್ಜ್‌ನ ಅವಧಿ ಒಂದೇ ವರ್ಷ. ತಮಿಳುನಾಡಿನ ಕೋಮಲೀಶ್ವರನ್ ಶಂಕರ್ 2002ರ ವಿಶ್ವಕಪ್‌ನಲ್ಲಿ, ಗೋವಾದ ಉವೇನಾ ಫರ್ನಾಂಡಿಸ್ 2016ರ 17 ವರ್ಷದೊಳಗಿನ ಮಹಿಳಾ ವಿಶ್ವಕಪ್‌ನಲ್ಲಿ ಬಾವುಟ ಹಿಡಿದರು. 2022ರ ಡಿಸೆಂಬರ್‌ನಲ್ಲಿ ಫ್ರಾನ್ಸ್‌ನ ಸ್ಟೆಫನಿ ಫ್ರಪಾರ್ ಪುರುಷರ ವಿಶ್ವಕಪ್‌ನ ಜರ್ಮನಿ–ಕೋಸ್ಟರಿಕಾ ಪಂದ್ಯವನ್ನೇ ನಡೆಸಿಕೊಟ್ಟರು. ನಮ್ಮ ಹುಡುಗಿಯರು ಈ ದಾರಿ ಹಿಡಿಯಲೇಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಹಣದ ವಿಷಯ ಮುಚ್ಚಿಡುವುದು ಬೇಡ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ರೆಫರಿಗಳಿಗೆ ಪೂರ್ಣಾವಧಿ ಸಂಬಳವಿದೆ. 2010ರ ವಿಶ್ವಕಪ್ ಫೈನಲ್ ನಡೆಸಿದ ಅಲ್ಲಿನ ಹೊವಾರ್ಡ್ ವೆಬ್ ಕೂಡ ಮೂಲತಃ ಪೊಲೀಸರು. ಇಲ್ಲಿ ಹೆಚ್ಚಿನವರು ಬೇರೆ ನೌಕರಿಯ ಜತೆಗೇ ವಿಸಿಲ್ ಹಿಡಿಯುತ್ತಾರೆ, ಕೆಳ ಹಂತದಲ್ಲಿ ಸಿಗುವ ಪಂದ್ಯ ಶುಲ್ಕದಿಂದ ಸಂಸಾರ ನಡೆಯುವುದಿಲ್ಲ. ಲೀಗ್ ಪಂದ್ಯಗಳು ಕೆಲಸದ ದಿನ ಮಧ್ಯಾಹ್ನವೂ ಇರಬಹುದು. ಕೋರ್ಸಿಗೆ ಹಣ ಕಟ್ಟುವ ಮೊದಲೇ ಕಚೇರಿಯಲ್ಲಿ ರಜೆಯ ಮಾತು ಇತ್ಯರ್ಥ ಮಾಡಿಕೊಳ್ಳಿ.