ಗೇಟಿನಲ್ಲಿ ಬಿಟ್ಟ ಫೋನು, ಕೈಗೆ ಬಂದ ಎಚ್‌ಎಂಟಿ

ವಾರಕ್ಕೆರಡು ದಿನ ಒಂದು ಜೈಲಿನ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡುತ್ತೇನೆ. ಗೇಟಿನಲ್ಲಿ ಫೋನ್ ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು ಅನ್ನುವುದು ಮೊದಲೇ ಗೊತ್ತಿತ್ತು. ಆದರೆ ಮಗಳು ಕೊಡಿಸಿದ ಸ್ಮಾರ್ಟ್‌ವಾಚ್ ಕೈಯಲ್ಲೇ ಉಳಿದಿತ್ತು. ತಪಾಸಣೆಯ ಹುಡುಗ ನಕ್ಕ. "ಡಾಕ್ಟ್ರೇ, ಇದೂ ಫೋನೇ ಅಲ್ವಾ? ಬಿಚ್ಚಿ."

ಅವನು ಹೇಳಿದ್ದು ಸರಿ. ಸಿಮ್ ಇರುವ ವಾಚಿನಿಂದ ಕರೆ ಮಾಡಬಹುದು. ಒಳಗಿರುವವನ ಕೈಗೆ ಅದು ಹತ್ತು ನಿಮಿಷ ಸಿಕ್ಕರೂ ಸಾಕು, ಹೊರಗಿನ ಸಾಕ್ಷಿಗೆ ಬೆದರಿಕೆ ಹೋಗುತ್ತದೆ. ಕೇಂದ್ರದ 2023ರ ಮಾದರಿ ಜೈಲು ಕಾಯ್ದೆಯಲ್ಲಿ ಜೈಲೊಳಗೆ ಫೋನ್ ಇಟ್ಟುಕೊಂಡರೆ 3 ವರ್ಷದವರೆಗೆ ಸಜೆ ಇದೆ.

ಕಷ್ಟ ಶುರುವಾಗಿದ್ದು ಒಳಗೆ ಹೋದ ಮೇಲೆ. ಔಷಧದ ಪ್ರಮಾಣ ನೋಡುವುದಕ್ಕೂ ಕೈ ಜೇಬಿಗೇ ಹೋಗುತ್ತಿತ್ತು. ಈಗ ಚಿಕ್ಕ ನೋಟ್‌ಬುಕ್ ಇಟ್ಟಿದ್ದೇನೆ. ಟಿಬಿಗೆ ರಿಫಾಂಪಿಸಿನ್ ತೆಗೆದುಕೊಳ್ಳುವ ಎಚ್‌ಐವಿ ರೋಗಿಗೆ ಡೊಲುಟೆಗ್ರಾವಿರ್ ಎಂಬ ಎಚ್‌ಐವಿ ಮಾತ್ರೆ 50 ಮಿಲಿಗ್ರಾಂ ದಿನಕ್ಕೆ ಎರಡು ಸಲ ಬೇಕು, ಒಂದು ಸಲ ಸಾಲದು. ಇಂಥವು ಅದರಲ್ಲಿವೆ. ಚರ್ಮದ ಮೇಲಿನ ಗುಳ್ಳೆಗಳ ಫೋಟೋ ತೆಗೆದು ಗೆಳೆಯನಿಗೆ ಕಳಿಸುವ ಚಾಳಿಯೂ ಹೋಯಿತು. ಬೆರಳ ಸಂದು, ಮಣಿಕಟ್ಟು, ಸೊಂಟ ನೋಡಿ, ರಾತ್ರಿ ತುರಿಕೆ ಜಾಸ್ತಿಯಾ, ಪಕ್ಕದಲ್ಲಿ ಮಲಗುವವರಿಗೂ ಇದೆಯಾ ಅಂತ ಕೇಳುತ್ತೇನೆ. ಕಜ್ಜಿ ಆದರೆ ಬ್ಯಾರಕ್ಕಿನ ಎಲ್ಲರಿಗೂ ಒಂದೇ ದಿನ ಮುಲಾಮು ಹಚ್ಚಿಸಬೇಕು. ಫೋಟೋ ಇದ್ದಾಗ ಇಷ್ಟು ಕೇಳುತ್ತಿರಲಿಲ್ಲ, ನಿಜ ಹೇಳಬೇಕೆಂದರೆ.

ಒಮ್ಮೆ ಹೊರಗೆ ಬಂದಾಗ ಫೋನಿನಲ್ಲಿ 14 ಮಿಸ್ಡ್ ಕಾಲ್. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಅಂದೇ ಅಧಿಕಾರಿಗಳ ಒಪ್ಪಿಗೆ ಕೇಳಿ ಜೈಲಿನ ಲ್ಯಾಂಡ್‌ಲೈನ್ ನಂಬರನ್ನು ಮನೆಯ ಫ್ರಿಜ್ ಮೇಲೆ ಅಂಟಿಸಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ನಾಡಿ ಎಣಿಸಲು ಸೆಕೆಂಡಿನ ಮುಳ್ಳು ಬೇಕಲ್ಲ, ಅದಕ್ಕೆ ಅಪ್ಪನ ಹಳೇ ಎಚ್‌ಎಂಟಿ ತೆಗೆದೆ. 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುತ್ತೇನೆ. ಬಡಿತ ಏರುಪೇರಾಗಿದ್ದರೆ ಪೂರ್ತಿ ಒಂದು ನಿಮಿಷ. ಬಿಪಿ ಮಾತ್ರೆಗೆ ಬರುವ ಒಬ್ಬ ಅಜ್ಜ ಪ್ರತಿ ಸಲ ಕೈ ಚಾಚುವ ಮೊದಲು ವಾಚು ನೋಡುತ್ತಾರೆ.

"ಇವತ್ತು ಕೀ ಕೊಟ್ಟಿದೀರಾ, ಡಾಕ್ಟ್ರೇ?"